ಅವ್ವನ ಎಡಗೈ

ರಾವಂದೂರಿನ ಹತ್ತಿರದ ನಮ್ಮ ತವರಿನಲ್ಲಿ ಹಸು ಕರೆಯುತ್ತಿದ್ದವಳು ಅವ್ವ ಒಬ್ಬಳೇ. ಬೇರೆ ಯಾರು ಕೂತರೂ ಅದು ಹಾಲು ಇಳಿಸುತ್ತಿರಲಿಲ್ಲ. ಅಪ್ಪ ಒಮ್ಮೆ ಕೂತು ಒದೆಸಿಕೊಂಡು ಬಂದಿದ್ದರು.

ಹೋದ ವರ್ಷ ಹೊಗೆಸೊಪ್ಪು ಮುರಿಯುವ ಕಾಲದಲ್ಲಿ, ತಲೆ ಮೇಲಿನ ಹುಲ್ಲಿನ ಹೊರೆ ಇಳಿಸಿದ ಅವ್ವನಿಗೆ ಕುತ್ತಿಗೆಯಿಂದ ಎಡಗೈಗೆ ನೋವು ಹರಿಯಿತು. ಕಿರುಬೆರಳಿನವರೆಗೂ ಬೆಂಕಿ ಸುರಿದ ಹಾಗೆ ಎನ್ನುತ್ತಿದ್ದಳು. ಎಡಗೈ ಎಂದಕೂಡಲೇ ಅಪ್ಪ ಎದೆಯ ಕಾಯಿಲೆಯೆಂದು ಹೆದರಿ ಪಿರಿಯಾಪಟ್ಟಣಕ್ಕೆ ಕರೆದೊಯ್ದರು. ಇಸಿಜಿ ಸರಿಯಾಗಿತ್ತು. ಎಲ್ಲರಿಗೂ ಸಮಾಧಾನವಾಯಿತು, ಅವ್ವನ ನೋವು ಮಾತ್ರ ನಿಲ್ಲಲಿಲ್ಲ. ವಾಯು ಎಂದು ಎಣ್ಣೆ ಕಾಯಿಸಿ ತಿಕ್ಕಿದರು. ಉಳುಕು ತೆಗೆಯುವವರೊಬ್ಬರು ಕುತ್ತಿಗೆ ಹಿಡಿದು ತಿರುವಿದರು. ಆಮೇಲೆ ಮಲಗಿದರೂ ನೋವು, ಕೂತರೂ ನೋವು. ಕೈಯೆತ್ತಿ ತಲೆ ಮೇಲೆ ಇಟ್ಟುಕೊಂಡರಷ್ಟೇ ಕೊಂಚ ತಡೆಯುತ್ತಿತ್ತು. ಹಾಗೆ ಕೂತಿದ್ದವಳನ್ನು ನೋಡಿದವರು, ತಲೆ ಮೇಲೆ ಕೈಹೊತ್ತು ಕೂರುವುದು ಮನೆಗೆ ಒಳ್ಳೆಯದಲ್ಲ ಎಂದು ಗದರುತ್ತಿದ್ದರು.

ಒಂದು ಬೆಳಿಗ್ಗೆ ಹಾಲು ಕರೆಯುವಾಗ ಬೆರಳು ಬಿಗಿಯಲಿಲ್ಲ. ಕಟ್ಟೆಮಳಲವಾಡಿಯ ಗಂಡನ ಮನೆಯಿಂದ ನಾನು ಬಂದು ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ನೋಡಿದ ಡಾಕ್ಟರಮ್ಮ, ಕುತ್ತಿಗೆಯ ಮೂಳೆಗಳ ನಡುವಿನ ಮೆತ್ತೆ ಹೊರಕ್ಕೆ ಸರಿದು ಕೈಗೆ ಹೋಗುವ ನರವನ್ನು ಅದುಮಿದೆ, ನೋವು ಕಾಣುವುದು ಕೈಯಲ್ಲಾದರೂ ತೊಂದರೆ ಇರುವುದು ಕುತ್ತಿಗೆಯಲ್ಲಿ ಎಂದು ಬಿಡಿಸಿ ಹೇಳಿದರು. ಬಹಳ ಜನಕ್ಕೆ ಮಾತ್ರೆ, ವ್ಯಾಯಾಮದಲ್ಲೇ ವಾಸಿಯಾಗುತ್ತದಂತೆ. ಅವ್ವನಿಗೆ ಬಲವೇ ಕುಂದುತ್ತಿದ್ದರಿಂದ ಆಪರೇಷನ್ ಬೇಕಾಯಿತು.

ಆಪರೇಷನ್ ಆದ ಮೇಲೆ ನೋವು ಹೋಯಿತು. ಹಾಯಾಗಿ ಮಲಗಿದ ಮೊದಲ ದಿನ ಅವ್ವ ಎದ್ದು ಅತ್ತಳು. ಆದರೆ ಮೆತ್ತನೆಯ ಚೆಂಡು ಹಿಸುಕಿ ಹಿಸುಕಿ ತಿಂಗಳುಗಳಾದರೂ ಹಿಡಿತ ಮರಳಲಿಲ್ಲ. ನರ ಬಹಳ ದಿನ ನಲುಗಿತ್ತು ಎಂದರು ಡಾಕ್ಟರಮ್ಮ.

ಅಷ್ಟು ದಿನವೂ ನಾನೇ ಹಾಲು ಕರೆದೆ. ಅವ್ವ ಪಕ್ಕದಲ್ಲಿ ನಿಂತು ಬೆನ್ನು ಸವರಿದರೆ ಮಾತ್ರ ಹಸು ಸುಮ್ಮನಿರುತ್ತಿತ್ತು. ನಾನು ಗಂಡನ ಮನೆಗೆ ಹೊರಡಬೇಕಾದಾಗ ಅವಳೇ ಹೇಳಿದಳು:

"ನೀನು ಎಷ್ಟ್ ದಿನ ಅಂತ ಇಲ್ಲಿರ್ತೀಯ? ಯಾರ್‍ಗಾದ್ರೂ ಕೊಟ್‌ಬುಡಾನ ಕಣವ್ವ. ಕೆಚ್ಚಲಲ್ಲಿ ಹಾಲು ಕಟ್ಕಂಡು ಅದು ನೋವು ತಿನ್ನೋದು ಬ್ಯಾಡ."

ಕೊಳ್ಳುವವರು ಬಂದ ದಿನ ಹಗ್ಗ ಬಿಚ್ಚಲು ಅವ್ವನೇ ಹೋದಳು. ಗಂಟು ಸಡಿಲವಾಗಲಿಲ್ಲ. ಸ್ವಲ್ಪ ಹೊತ್ತು ನೋಡಿದ ಅಪ್ಪ ಬಂದು ಬಿಚ್ಚಿದರು. ಹಸು ಗಾಡಿ ಹತ್ತುವಾಗ ತಿರುಗಿ ಕೂಗಿತು. ಅವ್ವ ಒಳಗೆ ಹೋಗಿ ಬಾಗಿಲಿಗೆ ಒರಗಿ ನಿಂತಳು.