ಡಾಕ್ಟರ್ ಜಬ್ಬಾರರ ಕ್ರೈಮಿಯಾ

ಲಿಮೆರಿಕ್ ಎಂಬ ಈ ಐರಿಶ್ ಊರಿನ ನಮ್ಮ ಬೀದಿಯಲ್ಲಿ ಯಾರ ಮನೆಗೆ ಹೋದರೂ ಸೋಫಾದ ಮೇಲಿನ ಗೋಡೆಯಲ್ಲಿ ಮಕ್ಕಳ ಫೋಟೊ ಇರುತ್ತಿತ್ತು, ಇಲ್ಲವೇ ದೇವರದು. ಡಾಕ್ಟರ್ ಜಬ್ಬಾರರ ಮನೆಯ ಗೋಡೆಯಲ್ಲಿ ಮಾತ್ರ ಸಿಪಾಯಿಗಳಿದ್ದರು. ಗುಡಾರದ ಮುಂದೆ ಪೈಪ್ ಸೇದುತ್ತಾ ಕೂತವರು, ಕುದುರೆಯ ಲಗಾಮು ಹಿಡಿದು ನಿಂತವರು, ಮೀಸೆ ತಿರುವಿಕೊಂಡು ಎತ್ತಲೋ ನೋಡುತ್ತಿರುವವರು. ಎಲ್ಲ ಮಾಸಿದ ಕಂದು ಬಣ್ಣದ ಹಳೆಯ ಯುದ್ಧದ ಫೋಟೊಗಳು. ಮನೆಗೆ ಬಂದವರಿಗೆ ಚಹಾ ಸಿಗಬೇಕಾದರೆ ಮೊದಲು ಆ ಗೋಡೆಯ ಮುಂದೆ ಪರೀಕ್ಷೆ ಪಾಸಾಗಬೇಕಿತ್ತು.

“ಇದ್ರಲ್ಲಿ ಯುದ್ಧ ಎಲ್ಲೈತೆ, ತೋರ್ಸು ನೋಡೋಣ” ಎನ್ನುತ್ತಿದ್ದರು ಡಾಕ್ಟರು.

ಯಾರಿಗೂ ತೋರಿಸಲು ಆಗುತ್ತಿರಲಿಲ್ಲ. ಇಲ್ಲೇ ಹುಟ್ಟಿ ಐರಿಶರ ರಾಗದಲ್ಲೇ ಮಾತನಾಡುವ ನನ್ನ ಮಗಳು ಜೋಯಾ ಒಮ್ಮೆ ಕತ್ತೆತ್ತಿ ನೋಡಿ, “ದೇ ಆರ್ ಗ್ರ್ಯಾಂಡ್, ಅಂಕಲ್. ದೇ ಆರ್ ಜಸ್ಟ್ ಹ್ಯಾವಿಂಗ್ ದೇರ್ ಟೀ” ಎಂದುಬಿಟ್ಟಳು. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಚೆನ್ನಾಗಿದ್ದಾರೆ ಎಂದಷ್ಟೇ. ಡಾಕ್ಟರಿಗೆ ಹಿಡಿಸಲಾರದಷ್ಟು ಸಂತೋಷ. ಎದುರಿಗೆ ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದರು.

ಮನುಷ್ಯ ಎತ್ತರ, ಕಡ್ಡಿಯಷ್ಟು ಸಣಕಲು. ಬೇಸಿಗೆಯಲ್ಲೂ ಉಣ್ಣೆಯ ಕಾರ್ಡಿಗನ್ ಬಿಚ್ಚುತ್ತಿರಲಿಲ್ಲ. ಬೆಂಗಳೂರಿನ ಶಿವಾಜಿನಗರದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿ, ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಹಳ ವರ್ಷ ಶ್ವಾಸಕೋಶದ ಡಾಕ್ಟರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಹೆಂಡತಿ ಮೆಹರ್ ಆಂಟಿಯ ಜೊತೆ ಉರ್ದು, ನನ್ನ ಜೊತೆ ಕನ್ನಡ, ರಸ್ತೆಯಲ್ಲಿ ಅಡ್ಡಬಂದ ಕಾರಿನವರ ಜೊತೆ ಅಪ್ಪಟ ಲಿಮೆರಿಕ್ ಇಂಗ್ಲಿಷ್. ನನ್ನಂಥ ಸಾಫ್ಟ್‌ವೇರಿನವನಿಗೆ ಈ ಊರಿನಲ್ಲಿ ಮನೆ ಹುಡುಕಿಕೊಟ್ಟವರೂ ಅವರೇ, ಜೋಯಾಳಿಗೆ ಗೂರಲು ಹತ್ತಿದಾಗ ಪೈಜಾಮದಲ್ಲೇ ಓಡಿ ಬಂದವರೂ ಅವರೇ.

ಆ ಫೋಟೊಗಳು ಅವರಿಗೆ ಗಂಟುಬಿದ್ದದ್ದು ಭಾನುವಾರದ ಸಂತೆಯಲ್ಲಿ. ಒಬ್ಬ ಅಜ್ಜಿ ಮಾರುತ್ತಿದ್ದ ಚೌಕಟ್ಟನ್ನು ಯಾವುದೋ ಪಿಕ್‌ನಿಕ್ಕಿನ ಚಿತ್ರವೆಂದು ತಂದಿದ್ದರಂತೆ. ಆಮೇಲೆ ತಿಳಿಯಿತು, ಅದು ಕ್ರೈಮಿಯಾ. ನೂರೈವತ್ತು ವರ್ಷಗಳಿಗೂ ಹಿಂದೆ, ಮೂರು ಕಡೆ ಸಮುದ್ರವಿರುವ ಆ ನೆಲದಲ್ಲಿ ಇಂಗ್ಲಿಷರು, ಫ್ರೆಂಚರು, ತುರ್ಕರು ಒಟ್ಟಾಗಿ ರಷ್ಯದ ಮೇಲೆ ಬಿದ್ದಿದ್ದ ಕಾಲ. ಇಂಗ್ಲಿಷರ ದಂಡಿನಲ್ಲಿ ಐರಿಶ್ ಹುಡುಗರೂ ಬೇಕಾದಷ್ಟು. ಅಲ್ಲಿಂದ ಕಿತ್ತು ತಂದ ರಷ್ಯದ ತೋಪುಗಳು ಈ ದೇಶದ ಎಷ್ಟೋ ಊರುಗಳಲ್ಲಿ ಈಗಲೂ ನಿಂತಿವೆ. ಮಕ್ಕಳು ಮೇಲೆ ಹತ್ತಿ ಐಸ್‌ಕ್ರೀಮ್ ತಿನ್ನುತ್ತವೆ.

“ಇಂಗ್ಲಿಷರೂ ತುರ್ಕರೂ ಒಂದೇ ಕಡೆನಾ? ಮೊದಲ್ನೇ ಮಹಾಯುದ್ಧದಲ್ಲಿ ಅವರಿಬ್ಬರೇ ಹೊಡೆದಾಡಿದ್ರಲ್ಲ?” ಎಂದು ನಾನು ಕೇಳಿದ್ದೆ.

“ಹೊಡೆದಾಡಿದ್ರು. ಅದು ಆಮೇಲೆ.”

“ಹಾಗಾದ್ರೆ ಇಲ್ಲಿ ಯಾಕೆ ಒಟ್ಟಿಗೆ ಕೂತವ್ರೆ?”

“ಅದೇ ನನ್ಗೂ ಕನ್‌ಫ್ಯೂಶನ್ ಕಣೋ. ಓದಿದಷ್ಟೂ ಜಾಸ್ತಿ ಆಗ್ತಾ ಐತೆ.”

ಅಡುಗೆಮನೆಯಿಂದ ಮೆಹರ್ ಆಂಟಿ ಕೂಗಿದರು: “ಜಗಳ ಆಡಿದ್ದು ಅವ್ರು, ಫೋಟೊ ತಂದಿದ್ದು ಇವ್ರು, ಧೂಳು ಒರೆಸೋಳು ಮಾತ್ರ ನಾನು!”

ಆ ಗೋಡೆಯಲ್ಲಿ ಒಂದೇ ಕಣಿವೆಯ ಎರಡು ಫೋಟೊಗಳಿದ್ದವು. ಒಂದರಲ್ಲಿ ದಾರಿಯ ತುಂಬ ತೋಪಿನ ಗುಂಡುಗಳು, ಇನ್ನೊಂದರಲ್ಲಿ ದಾರಿ ಖಾಲಿ. ಗುಂಡುಗಳನ್ನು ಯಾರೋ ಎತ್ತಿದರೋ, ಚಿತ್ರ ಚೆನ್ನಾಗಿ ಬರಲೆಂದು ತಂದು ಹರಡಿದರೋ ಎಂಬುದು ದೊಡ್ಡ ವಿವಾದವಂತೆ. ಡಾಕ್ಟರ ತೀರ್ಪು ಆಗಾಗ ಬದಲಾಗುತ್ತಿತ್ತು. ಮಸೀದಿಯಿಂದ ಬರುವಾಗ ಕಾರು ನಿಲ್ಲಿಸಿ, “ಇಲ್ಲ ಇಕ್ಬಾಲ್, ಹರಡಿದ್ದೇ ಸರಿ” ಎನ್ನುವರು. ಮಾರನೆಯ ವಾರ ಫೋನು ಮಾಡಿ, “ನಾನು ಹೇಳಿದ್ದು ತಪ್ಪು, ಎತ್ತಿದ್ದು” ಎನ್ನುವರು. ನಾನು ಎರಡಕ್ಕೂ ಹೂಂ ಎನ್ನುತ್ತಿದ್ದೆ, ಏಕೆಂದರೆ ನನಗೆ ಎರಡೂ ಸರಿಯೆಂದೇ ಕಾಣುತ್ತಿತ್ತು.

ಯುದ್ಧ ಯಾಕೆ ಕಾಣುವುದಿಲ್ಲ ಎಂಬುದಕ್ಕೆ ಮಾತ್ರ ಅವರ ಬಳಿ ಉತ್ತರವಿತ್ತು. “ಆಗಿನ ಕ್ಯಾಮೆರಾ ನಿಧಾನ. ಓಡೋರು ಅದಕ್ಕೆ ಸಿಗಲ್ಲ. ಸತ್ತೋರು ಓಡಲ್ಲ, ಆದ್ರೂ ಅವ್ರನ್ನ ತೆಗ್ದಿಲ್ಲ ನೋಡು. ಯಾಕೆ? ಊರಲ್ಲಿ ಹೆಂಗಸ್ರು ನೋಡ್ತಾರೆ ಅಂತ.”

ಕೊರೊನಾ ಬರುವ ಮುಂಚೆ ಮೆಹರ್ ಆಂಟಿ ತಾಯಿಯನ್ನು ನೋಡಲು ಬೆಂಗಳೂರಿಗೆ ಹೋಗಿದ್ದರು. ವಿಮಾನಗಳು ನಿಂತು ಅಲ್ಲೇ ಸಿಕ್ಕಿಕೊಂಡರು. ಇಲ್ಲಿ ನಿವೃತ್ತ ಡಾಕ್ಟರುಗಳನ್ನೂ ಆಸ್ಪತ್ರೆಗೆ ವಾಪಸು ಕರೆಯಲು ಶುರುಮಾಡಿದ್ದರು. ಆಂಟಿ ಗಂಡನಿಂದ ಫೋನಿನಲ್ಲೇ ಮಾತು ತೆಗೆದುಕೊಂಡರು, ಆಸ್ಪತ್ರೆಯ ಕಡೆ ತಲೆಹಾಕಿಯೂ ಮಲಗಬಾರದೆಂದು. ಅದೂ ಸಾಲದೆ ನನಗೂ ಫೋನು ಮಾಡಿದರು.

“ಇಕ್ಬಾಲ್, ಅವರಿಗೆ ಶುಗರ್ ಐತೆ. ವಯಸ್ಸೂ ಆಗಿದೆ. ನಾನು ವಾಪಸ್ ಬಂದು ಬಾಗ್ಲು ತಟ್ಟಿದಾಗ ಅವ್ರೇ ತೆಗೀಬೇಕು. ನನ್ಗೆ ಬೇರೆ ಏನೂ ಬೇಡಪ್ಪ.”

ಒಂದು ಬೆಳಿಗ್ಗೆ ನಾನು ಕಸದ ಡಬ್ಬಿ ಹೊರಗಿಡುತ್ತಿದ್ದೆ. ಡಾಕ್ಟರು ಎರಡು ಚೌಕಟ್ಟುಗಳನ್ನು ರಜಾಯಿಯಲ್ಲಿ ಸುತ್ತಿ ಕಾರಿನೊಳಗೆ ಇಡುತ್ತಿದ್ದರು.

“ಎಲ್ಲಿಗೆ ಡಾಕ್ಟರೇ, ಸೈನ್ಯ ಹೊರಟಿದ್ದು?”

“ಹಾಸ್ಪಿಟಲ್‌ನಲ್ಲಿ ಗೋಡೆ ಬೋಳುಬೋಳಾಗೈತೆ” ಎಂದು ನಕ್ಕು, ಮಾಸ್ಕ್ ಏರಿಸಿ ಹೊರಟೇಬಿಟ್ಟರು. ಹೋಗಬೇಡಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಕಾರು ತಿರುವಿನಲ್ಲಿತ್ತು.

ವಿಷಯ ಆಮೇಲೆ ತಿಳಿಯಿತು. ಆಂಟಿ ದಿನಾ ವಿಡಿಯೋ ಕಾಲ್ ಮಾಡಿ, ಗಂಡ ಮನೆಯಲ್ಲಿದ್ದಾರೆಯೇ ಎಂದು ಕಣ್ಣಾರೆ ನೋಡುತ್ತಿದ್ದರು. ಡಾಕ್ಟರು ಆಸ್ಪತ್ರೆಯ ವಿಶ್ರಾಂತಿ ಕೋಣೆಯಲ್ಲಿ ಆ ಎರಡು ಫೋಟೊ ತೂಗುಹಾಕಿ, ಕಾರ್ಡಿಗನ್ ತೊಟ್ಟು, ಅದರ ಮುಂದೆ ಕೂತು, “ಎಲ್ಲಾ ಗ್ರ್ಯಾಂಡ್ ಮೆಹರ್, ಈಗಷ್ಟೇ ಟೀ ಕುಡಿದೆ” ಎನ್ನುತ್ತಿದ್ದರು. ಕರೆ ಮುಗಿದ ಮೇಲೆ ಗೌನು ತೊಟ್ಟು ವಾರ್ಡಿಗೆ. ಈ ನಾಟಕ ಸುಮಾರು ದಿನ ನಡೆಯಿತು. ಕೊನೆಗೊಂದು ದಿನ ಅವರ ಬೆನ್ನ ಹಿಂದೆ, ಮುಖವೆಲ್ಲ ಮುಚ್ಚಿಕೊಂಡ ನೀಲಿ ಆಕೃತಿಯೊಂದು ಸರಕ್ಕನೆ ಹಾದುಹೋಯಿತು. ನರ್ಸಮ್ಮ ಕೆಟಲ್ ಹುಡುಕಿಕೊಂಡು ಬಂದಿದ್ದಳು.

“ಅದ್ಯಾರು?” ಎಂದರು ಆಂಟಿ.

“ನೆಟ್‌ವರ್ಕ್” ಎಂದರಂತೆ ಡಾಕ್ಟರು.

ಇದನ್ನು ನನಗೆ ಹೇಳುವಾಗ ಅವರಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ. ಆದರೆ ಬೆಂಗಳೂರಿನಲ್ಲಿ ಯಾರೂ ನಗಲಿಲ್ಲ. ಆಂಟಿ ಮಾತು ಬಿಡಲಿಲ್ಲ, ಕತ್ತರಿಸಿದರು. ದಿನಾ ಕರೆ ಮಾಡುವರು, “ಊಟ ಆಯ್ತಾ? ಶುಗರ್ ಎಷ್ಟು? ಸರಿ” ಎಂದು ಇಟ್ಟುಬಿಡುವರು. ಡಾಕ್ಟರು ವಾರ್ಡಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. “ಅಲ್ಲಿ ಜನ ಉಸ್ರು ಸಿಗ್ದೆ ಒದ್ದಾಡ್ತಾವ್ರೆ, ನಾನಿಲ್ಲಿ ಫೋಟೊ ನೋಡ್ಕೊಂಡು ಕೂತ್ಕೊಳ್ಳಾ?” ಎಂದು ನನ್ನ ಮೇಲೇ ರೇಗಿದರು. ಅವರೂ ಸರಿ, ಆಂಟಿಯೂ ಸರಿ. ನಾನು ಯಾರಿಗೆ ಬುದ್ಧಿ ಹೇಳಲಿ?

ಹಾಗೇ ಒಂದು ವರ್ಷ ಕಳೆಯಿತು. ಡಾಕ್ಟರಿಗೆ ಏನೂ ಆಗಲಿಲ್ಲ. ಲಸಿಕೆಯೂ ಬಂತು. ಆಂಟಿಯ ತಾಯಿ ಹಾಸಿಗೆ ಹಿಡಿದಿದ್ದರಿಂದ ಬರುವುದು ಮುಂದಕ್ಕೆ ಹೋಗುತ್ತಾ ಹೋಗುತ್ತಾ, ರಮ್ಜಾನ್ ಮುಗಿದ ಮೇಲೆ ಬರುವುದೆಂದು ತೀರ್ಮಾನವಾಯಿತು. ಡಾಕ್ಟರು ಧೂಳು ಒರೆಸುವುದನ್ನು ಕಲಿತರು. ಜೋಯಾಳನ್ನು ಕರೆಸಿ ಗೋಡೆಯ ಫೋಟೊಗಳು ಸೊಟ್ಟಗಿವೆಯೇ ಎಂದು ಕೇಳಿದರು.

ಆ ರಮ್ಜಾನಿನಲ್ಲಿ ಆಂಟಿಯ ಕರೆ ಬರುತ್ತಿದ್ದದ್ದು ಬೆಂಗಳೂರಿನ ಇಫ್ತಾರ್ ಹೊತ್ತಿಗೆ. ಇಲ್ಲಿ ಇನ್ನೂ ಮಧ್ಯಾಹ್ನ. ಒಂದು ಸಲ ಅವರ ಹಿತ್ತಲಿನಲ್ಲಿ ದೂರ ದೂರ ಕುರ್ಚಿ ಹಾಕಿಕೊಂಡು ಕೂತಿದ್ದಾಗ ಕರೆ ಬಂತು. ಪರದೆಯಲ್ಲಿ ಆಂಟಿ, ಹಿಂದೆ ಅವರ ತಾಯಿಮನೆಯ ಹಸಿರು ಹೂವಿನ ಕರ್ಟನ್. “ರೋಜಾ... ಇದ್ದೀರಾ?” ಎಂದರು. “ಶುಗರ್... ನೋಡ್ಕೊಳ್ಳಿ.” ಡಾಕ್ಟರು ಏನೋ ತಮಾಷೆ ಮಾಡಿದರು. “ಸರಿ... ಇಡ್ತೀನಿ” ಎಂದು ಇಟ್ಟರು.

“ಇನ್ನೂ ಇಳ್ದಿಲ್ಲ ನೋಡು ಮಹಾರಾಣಿ ಕೋಪ” ಎಂದರು ಡಾಕ್ಟರು.

“ಬರ್ಲಿ ಬಿಡಿ, ಗೋಡೆ ನೋಡಿದ್ರೆ ಇಳಿಯುತ್ತೆ” ಎಂದೆ ನಾನು.

ಹಬ್ಬಕ್ಕೆ ಮುಂಚೆಯೇ ಆಂಟಿ ಹೋಗಿಬಿಟ್ಟರು. ಬೆಂಗಳೂರಿನಲ್ಲಿ ಕೊರೊನಾದ ಎರಡನೇ ಅಲೆ ಎದ್ದಿದ್ದ ದಿನಗಳು. ಇವರು ಹೊರಡಲು ದಾರಿಯಿರಲಿಲ್ಲ. ನಾವು ಬಾಗಿಲ ಹೊರಗೆ ನಿಂತು ಮಾತನಾಡಿಸಿದೆವು. ಎದುರುಮನೆಯ ಐರಿಶ್ ಮುದುಕಿ ಆಪಲ್ ಟಾರ್ಟ್ ಮಾಡಿ ಹೊಸ್ತಿಲಲ್ಲಿ ಇಟ್ಟು, ಗೇಟಿನ ಬಳಿ ನಿಂತು ಅತ್ತಳು. ಡಾಕ್ಟರು ಮಾತ್ರ ಅಳಲಿಲ್ಲ. ಬೇರೆ ಯಾರದೋ ಸುದ್ದಿ ಕೇಳಿದವರ ಹಾಗೆ ಎಲ್ಲರಿಗೂ ಥ್ಯಾಂಕ್ಸ್ ಹೇಳಿದರು.

ವಿಮಾನಗಳು ಮತ್ತೆ ಹಾರತೊಡಗಿದಾಗ ಅವರು ಬೆಂಗಳೂರಿಗೆ ಹೊರಟರು. ಹಿಂದಿನ ದಿನ ಮಧ್ಯಾಹ್ನ ನನ್ನನ್ನು ಕರೆಸಿದ್ದರು. ಫೋಟೊಗಳೆಲ್ಲ ಹಾಗೇ ಗೋಡೆಯಲ್ಲಿದ್ದವು. ಅವರು ಅದಕ್ಕೆ ಬೆನ್ನು ಹಾಕಿ ಕೂತು ಹೇಳಿದರು, “ನಾದಿನಿ ಹೇಳಿದ್ಳು. ಆ ಕರ್ಟನ್ ಮನೇದೇ. ಆದ್ರೆ ಅವಳು ಇದ್ದಿದ್ದು ಹಾಸ್ಪಿಟಲ್‌ನಲ್ಲಿ. ಬೆಡ್ ಹಿಂದೆ ಕಟ್ಟಿಸ್ಕೊಂಡಿದ್ಳಂತೆ. ಆಕ್ಸಿಜನ್ ಮಾಸ್ಕ್ ತೆಗೆದು ನನ್ನ ಜೊತೆ ಮಾತಾಡಿ, ಮತ್ತೆ ಹಾಕ್ಕೊಳ್ತಿದ್ಳಂತೆ. ನಾನು ಇಲ್ಲಿ ಒಬ್ನೇ ಇದ್ದೀನಿ, ಗಾಬರಿ ಆಗ್ತೀನಿ ಅಂತ.”

ನಾನು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ.

“ಕರ್ಟನ್ ಹೋಗ್ಲಿ ಇಕ್ಬಾಲ್. ಅವಳ ಮಾತು ಕೇಳಿದ್ದೆ ಅಲ್ವಾ ನೀನೂ? ಒಂದೊಂದು ಪದಕ್ಕೂ ನಿಲ್ತಿದ್ಳು. ಹಾಗೆ ಮಾತಾಡೋರ್ನ ಜೀವನ ಪೂರ್ತಿ ನೋಡಿದೀನಿ. ಬೇರೆ ಯಾರಾದ್ರೂ ಆಗಿದ್ರೆ ಅಲ್ಲೇ ಹೇಳ್ತಿದ್ದೆ, ಇವರಿಗೆ ಉಸ್ರು ಸಾಲ್ತಿಲ್ಲ ಅಂತ.” ಕಾರ್ಡಿಗನ್ನಿನ ಗುಂಡಿಯನ್ನು ಹಾಕಿದರು, ಬಿಚ್ಚಿದರು. “ನಾನು ಕೋಪ ಅಂದ್ಕೊಂಡೆ ಕಣೋ.”

ಅವರು ವಾಪಸು ಬರಲಿಲ್ಲ. ಆ ಮನೆಯಲ್ಲಿ ಈಗ ಬ್ರೆಜಿಲ್‌ನ ದಂಪತಿ ಇದ್ದಾರೆ. ನಾನು ಭಾನುವಾರ ಬೆಂಗಳೂರಿಗೆ ಫೋನು ಮಾಡುತ್ತೇನೆ. ಡಾಕ್ಟರು ವಿಡಿಯೋ ಹಾಕುವುದಿಲ್ಲ, ಬರೀ ಧ್ವನಿ. ಕೆಲವು ವಾರ ಚೆನ್ನಾಗಿಯೇ ಮಾತನಾಡುತ್ತಾರೆ, ಜೋಯಾ ಎಷ್ಟು ಎತ್ತರ ಆದಳೆಂದು ಕೇಳುತ್ತಾರೆ. ಕೆಲವು ವಾರ “ಹೂಂ... ಸರಿ... ಇಡ್ತೀನಿ” ಅಷ್ಟೇ. ಬೇಸರವೋ, ನಿದ್ದೆಯೋ, ಇನ್ನೇನೋ ನನಗೆ ತಿಳಿಯುವುದಿಲ್ಲ. ಅವರು ಇಟ್ಟ ಮೇಲೂ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿರುತ್ತೇನೆ.