ಹನ್ನೊಂದು ಸೆಕೆಂಡಿನ ಖಾಲಿ ಜಾಗ

ಪೂರ್ವ ಫಿನ್ಲೆಂಡಿನ ಹಾಪಲಹ್ತಿಯ ಪುಟ್ಟ ಧ್ವನಿಸಂಗ್ರಹಾಲಯದಲ್ಲಿ ಓರ್ವೊಕ್ಕಿ ಮೂವತ್ತು ವರ್ಷ ದುಡಿದಿದ್ದಳು. ಹಳ್ಳಿಯವರ ಹಾಡು, ಹರಟೆಗಳಿದ್ದ ಟೇಪುಗಳನ್ನು ಹಿಂದೆ ಸಿ.ಡಿ.ಗಳಿಗೆ ಇಳಿಸಿದವಳೂ ಅವಳೇ. ಸಿ.ಡಿ.ಗಳು ನೂರು ವರ್ಷ ಬಾಳುತ್ತವೆಂದು ನಂಬಿ, ಬೂಷ್ಟು ಹಿಡಿದ ಟೇಪುಗಳನ್ನು ಎಸೆದದ್ದಾಗಿತ್ತು. ಇಪ್ಪತ್ತೈದೇ ವರ್ಷಕ್ಕೆ ಅವು ಕೈಕೊಡತೊಡಗಿದವು. ನಿವೃತ್ತಿಯೊಳಗೆ ಎರಡು ಸಾವಿರ ಸಿ.ಡಿ.ಗಳನ್ನೂ ಕಂಪ್ಯೂಟರಿಗೆ ಸಾಗಿಸಿಯೇ ತೀರುವೆನೆಂದು ಅವಳು ಹಟ ಹಿಡಿದಿದ್ದಳು.

ಮಾರ್ಚ್ ತಿಂಗಳಲ್ಲಿ ಹಿಲ್ಯಾ ಎಂಬ ಎಂಬತ್ನಾಲ್ಕರ ಅಜ್ಜಿ ಫೋನ್ ಮಾಡಿದಳು. "ನಮ್ಮಮ್ಮ ಮೇಯೋಕ್ ಹೋದ ಹಸುಗಳ್ನ ಮನೆಗ್ ಕರೆಯೋ ಹಾಡು ಹಾಡಿದ್ದು ನಿಮ್ಹತ್ರ ಇದ್ಯಂತಲ್ಲ, ಒಂದ್ಸಲ ಕೇಳಿಸ್ತೀಯೇನಮ್ಮಾ?"

ಆ ಸಿ.ಡಿ. ಸಿಕ್ಕಿತು. ಯಂತ್ರಕ್ಕಿಟ್ಟರೆ ಬರೀ ಗೊರಗೊರ ಸದ್ದು. ಓರ್ವೊಕ್ಕಿ ತಾನೇ ಅಂಟಿಸಿದ್ದ ಕಾಗದದ ಚೀಟಿಯ ಗೋಂದು ಒಳಪದರವನ್ನು ತಿಂದಿತ್ತು.

"ಆ ಚೀಟಿ ಕಿತ್ತಾಕು ಮಾರಾಯ್ತಿ," ಎಂದ ಸಹೋದ್ಯೋಗಿ ವೆಯ್ಯೊ.

"ಕೈ ತೆಗಿ! ಚೀಟಿ ಜೊತೆ ಹಾಡೂ ಕಿತ್ಕೊಂಡ್ ಬರತ್ತೆ."

ನಾಲ್ಕು ಯಂತ್ರಗಳು ಸೋತವು. ಉಗ್ರಾಣದಲ್ಲಿ ಬಿದ್ದಿದ್ದ ಐದನೆಯದು, ಆಮೆಯಂತಹ ಹಳೆಯ ಯಂತ್ರ, ಮಧ್ಯಾಹ್ನವೆಲ್ಲ ತಡವರಿಸಿ ಓದಿತು. ಹನ್ನೊಂದು ಸೆಕೆಂಡು ಮಾತ್ರ ದಕ್ಕಲಿಲ್ಲ.

"ಆ ಕಡೆ ಈ ಕಡೆ ಸೇರಿಸಿ ಹೊಲಿದ್ಬಿಡು. ಯಾರಿಗ್ ಗೊತ್ತಾಗತ್ತೆ?" ಎಂದ ವೆಯ್ಯೊ.

"ನನಗೆ ಗೊತ್ತಾಗತ್ತಲ್ಲ!"

ಓರ್ವೊಕ್ಕಿ ಸಂಗ್ರಹದ ಪಟ್ಟಿಯಲ್ಲಿ ಬರೆದಳು: ಹನ್ನೊಂದು ಸೆಕೆಂಡು ನಷ್ಟ, ಚೀಟಿ ಅಂಟಿಸಿದ್ದು ನಾನು.

ಗುರುವಾರ ಹಿಲ್ಯಾ ಬಂದಳು, ಬಟ್ಟೆಯಲ್ಲಿ ಸುತ್ತಿದ ಬಿಸಿ ಕಡುಬುಗಳೊಂದಿಗೆ. ಹಾಡು ಶುರುವಾಯಿತು. ಅಜ್ಜಿ ಕಣ್ಣು ಮುಚ್ಚಿ ತಲೆದೂಗಿದಳು. ನಡುವೆ ಸದ್ದಡಗಿತು. ಮತ್ತೆ ಬಂದ ದನಿಯಲ್ಲಿ ಯಾಕೋ ನಗು ತುಂಬಿತ್ತು.

"ಕ್ಷಮಿಸಿ ಅಜ್ಜಿ, ಅಷ್ಟು ಹಾಡು ನನ್ನಿಂದ್ಲೇ ಹಾಳಾಯ್ತು," ಎಂದಳು ಓರ್ವೊಕ್ಕಿ, ಮುಖ ಸಣ್ಣದು ಮಾಡಿಕೊಂಡು.

ಹಿಲ್ಯಾ ಕಿಸಕ್ಕನೆ ನಕ್ಕಳು. "ಅಲ್ಲಿ ಹಾಡೆಲ್ಲಿತ್ತೇ! ಹನ್ನೆರಡು ವರ್ಷದೋಳು ನಾನು, ಹಾಲಿನ ಪಾತ್ರೆ ಉರುಳಿಸ್ಬಿಟ್ಟಿದ್ದೆ. ಅಮ್ಮ ಹಾಡು ನಿಲ್ಲಿಸಿ ನನಗೆ ಮಂಗಳಾರತಿ ಎತ್ತಿದ್ಲು. ರೆಕಾರ್ಡು ಮಾಡ್ತಿದ್ದ ಆ ಮಹಾನುಭಾವ ಹೊಟ್ಟೆ ಹಿಡ್ಕೊಂಡ್ ನಕ್ಕ. ಅವನನ್ನ ನೋಡಿ ಅಮ್ಮನಿಗೂ ನಗು!"

ಓರ್ವೊಕ್ಕಿಯ ಎದೆಯ ಭಾರ ಇಳಿಯಿತು. ತಟ್ಟನೆ ಮೈಕು ಹಚ್ಚಿದಳು. "ಏನಂತ ಬೈದ್ರು, ಹೇಳಿ ಅಜ್ಜಿ."

ಅಜ್ಜಿ ಬೆನ್ನು ನೆಟ್ಟಗೆ ಮಾಡಿ, ಸೊಂಟಕ್ಕೆ ಕೈಯಿಟ್ಟು, ತಾಯಿಯ ಗತ್ತಿನಲ್ಲೇ ಗದರಿದಳು: "ಏ ಮೊದ್ದು ಹುಡುಗಿ! ಕಣ್ಣು ಹಿತ್ತಲಲ್ಲಿಟ್ಟು ಬಂದ್ಯಾ? ಹಸು ಕೊಟ್ಟಿದ್ದನ್ನ ನೆಲಕ್ಕೆ ಕುಡಿಸ್ತೀಯಲ್ಲೇ!"

ಓರ್ವೊಕ್ಕಿ ಆ ಬೈಗುಳವನ್ನು ಹಳೆಯ ಹಾಡಿನೊಳಗೆ ಬೆರೆಸಲಿಲ್ಲ. ತಾರೀಖು ಹಾಕಿ ಪಕ್ಕದಲ್ಲೇ ಬೇರೆಯಾಗಿ ಇಟ್ಟಳು. ಮೂವರೂ ಕಾಫಿ ಕುಡಿದು ಕಡುಬು ಮುಗಿಸಿದರು. ವೆಯ್ಯೊ ಅವತ್ತೆಲ್ಲ ಹಸು ಕರೆಯುವ ರಾಗವನ್ನೇ ಗುನುಗುತ್ತಿದ್ದ. ಓರ್ವೊಕ್ಕಿ ಮುಂದಿನ ಸಿ.ಡಿ.ಯನ್ನು ಒರೆಸಿ ಯಂತ್ರಕ್ಕಿಟ್ಟಳು.