ಡೇರೆರಾಯನ ಆಯ್ಕೆ
ಡೇರೆ ಮಾರುವ ಅಂಗಡಿಯವರೆಲ್ಲ ಡೇರೆರಾಯ ಎಂದು ಕರೆಯುವ ಆ ನಿವೃತ್ತ ನಕ್ಷೆಗಾರನಿಗೆ, ಹಿಮ ಬೀಳುವ ಬೆಟ್ಟದಲ್ಲಿ ಒಬ್ಬನೇ ಮಲಗಿ ಬರುವ ಹುಚ್ಚು. ಅಂಗಡಿಗೆ ಬಂದನೆಂದರೆ ಪ್ರತಿ ಡೇರೆಯೊಳಗೂ ಬೂಟು ಕಳಚಿ ಮಲಗುತ್ತಾನೆ, ಕಂಬಿ ಬಗ್ಗಿಸುತ್ತಾನೆ, ಹೊಲಿಗೆಗೆ ಬಾಯಿಟ್ಟು ಊದುತ್ತಾನೆ. ಒಮ್ಮೆಯಂತೂ ಒಳಗೇ ಗೊರಕೆ ಹೊಡೆಯುತ್ತಿದ್ದವನನ್ನು ಅಂಗಡಿಯವನು ಕಾಲು ಹಿಡಿದು ಎಳೆಯಬೇಕಾಯಿತು. "ಹೆಸರಾಂತ ಕಂಪನೀದು ಸಾರ್, ಬಿರುಗಾಳಿಗೂ ಜಗ್ಗಲ್ಲ" ಎಂದರೆ, "ಹೆಸರನ್ನ ಹೊದ್ಕೊಂಡು ಮಲಗೋಕಾಗುತ್ತೇನಯ್ಯಾ?" ಎಂದು ಮೂಗು ಮುರಿಯುತ್ತಾನೆ. ಕೊನೆಗೆ ಅವನು ತರಿಸಿಕೊಂಡದ್ದು ಯಾರೂ ಹೆಸರು ಕೇಳಿರದ, ದೂರದೂರಿನ ಹೆಂಗಸೊಬ್ಬಳು ತಾನೇ ಹೊಲಿದು ಕಳಿಸುವ, ಮಳೆಗೂ ಹಿಮಕ್ಕೂ ಎಲ್ಲ ಕಾಲಕ್ಕೂ ಒದಗುವ ಡೇರೆ. ಅದರ ಗಟ್ಟಿತನವನ್ನು ಕಂಡಕಂಡವರ ಮುಂದೆಲ್ಲ ಹೊಗಳುತ್ತಾನೆ. ಆದರೆ ಅದನ್ನೇ ಆರಿಸಿದ ನಿಜವಾದ ಕಾರಣವನ್ನು ಯಾರಿಗೂ ಹೇಳಿಲ್ಲ. ಉಳಿದ ಕಂಪನಿಗಳಿಗೆ ಫೋನ್ ಮಾಡಿದಾಗ ಯಂತ್ರ ಮಾತಾಡಿತ್ತು. ಇಲ್ಲಿ ಆಕೆಯೇ ಫೋನ್ ಎತ್ತಿ, ಅಳತೆ ಬರೆದುಕೊಂಡು, "ಒಬ್ರೇ ಹೋಗ್ತೀರಾ? ಹಾಗಾದ್ರೆ ಬೆಟ್ಟ ಇಳಿದ ಮೇಲೆ ನಂಗೊಂದು ಫೋನ್ ಮಾಡಿ. ಹೊಲಿದವಳಿಗೆ ನಿದ್ದೆ ಬರ್ಬೇಕಲ್ಲ" ಎಂದಿದ್ದಳು. ಅಂದಿನಿಂದ ಪ್ರತಿ ಸಲವೂ ಬೆಟ್ಟ ಇಳಿದವನೇ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು, ಮರಗಟ್ಟಿದ ಬೆರಳು ಉಜ್ಜಿಕೊಂಡು ಫೋನ್ ಮಾಡುತ್ತಾನೆ. "ಬಂದೆ" ಎನ್ನುತ್ತಾನೆ. "ಸದ್ಯ!" ಎನ್ನುತ್ತಾಳೆ ಆಕೆ. ಅಷ್ಟೇ ಮಾತು. ಮಂಡಿ ನೋವಿದ್ದರೂ ಈ ಚಳಿಗಾಲದಲ್ಲಿ ಅವನು ಆರು ಸಲ ಬೆಟ್ಟ ಹತ್ತಿದ್ದಾನೆ.